ಫೆಲ್ಥಮ್‌ನಲ್ಲಿ ‘ಊಟಾತೇನು’

ಹೀಥ್ರೋ

ಲಂಡನ್ನಿಗೆ ಹೋಗಿ ಬಂದವಳು ಏನೇನು ನೋಡಿದೆ ಎಂದು ನಮ್ಮ ಓಣಿಯವರು ಇನ್ನೂ ಕೇಳುತ್ತಿದ್ದಾರೆ. ಅರಮನೆ ನೋಡಲಿಲ್ಲ. ದೊಡ್ಡ ಗಡಿಯಾರವನ್ನು ಬಸ್ಸಿನ ಕಿಟಕಿಯಿಂದ ನೋಡಿದೆ, ಅದೂ ಅರ್ಧ. ಮುಂದಿನ ಸೀಟಿನವನ ತಲೆ ಅಡ್ಡ ಬಂದಿತ್ತು. ನಾನು ಕಣ್ತುಂಬ ನೋಡಿದ್ದು ಫೆಲ್ಥಮ್ ಎಂಬ ಊರನ್ನು, ಅಲ್ಲಿಯ ಒಂದು ಬಸ್ ನಿಲ್ದಾಣವನ್ನು, ವಿಮಾನದಲ್ಲಿ ಮಂದಿಗೆ ಕೊಡುವ ಊಟದ ಟ್ರೇ ಜೋಡಿಸುವ ಒಂದು ಕಾರ್ಖಾನೆಯನ್ನು. ಅದನ್ನೇ ಬರೆಯುತ್ತೇನೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಅರಮನೆ ಬೇಕಾದವರು ಬೇರೆಯವರದನ್ನು ಓದಿಕೊಳ್ಳಲಿ.

ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿದು ಮಗಳು ಸವಿತಾಳನ್ನು ಬಿ.ಕಾಂ. ಮಾಡಿಸಿದೆ. ಅವಳ ಗಂಡ ಮಹೇಶ ಅಡುಗೆಯವನು. ಲಂಡನ್ನಿನ ಒಂದು ಹೋಟೆಲಿನವರು ಅವನನ್ನು ಕರೆಸಿಕೊಂಡಾಗ ಇವಳೂ ಹೋದಳು. ಆ ಹೋಟೆಲು ಮುಚ್ಚಿತು. ಈಗ ಅವನಿಗೆ ಕೆಲಸ ಇದ್ದ ದಿನ ಇದೆ, ಇಲ್ಲದ ದಿನ ಇಲ್ಲ. ಮನೆ ನಿಂತಿರುವುದು ಸವಿತಾಳ ಮೇಲೆ. ಟ್ರೇ ಕಾರ್ಖಾನೆಯಲ್ಲಿ ಅವಳು ಡಬ್ಬಿ ಮುಚ್ಚುವ ಕೆಲಸಕ್ಕೆ ಸೇರಿ ಒಂದು ಲೈನಿಗೆ ಟೀಮ್ ಲೀಡರ್ ಆಗಿದ್ದಳು.

ಹೋಗುವಾಗ ವಿಮಾನದಲ್ಲಿ ಕೊಟ್ಟ ಊಟ ಬಾಯಿಗಿಡುವಂತಿರಲಿಲ್ಲ. ಅನ್ನ ಒಣಗಿತ್ತು, ಬೇಳೆ ಅಂಟಿನಂತಿತ್ತು. ಬೆಣ್ಣೆಯ ಪುಟ್ಟ ಪೊಟ್ಟಣವೊಂದನ್ನು ಮಾತ್ರ ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಇಳಿಯುವ ಹೊತ್ತಿಗೆ ಅದು ಕರಗಿ ಸೀರೆಗೆಲ್ಲ ಹತ್ತಿತ್ತು. ಪಾಸ್‌ಪೋರ್ಟ್ ನೋಡುವ ಹುಡುಗ ಆ ಕಲೆಯನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡಿ, ಈ ಮುದುಕಿಯಿಂದ ದೇಶಕ್ಕೇನೂ ಆಗುವುದಿಲ್ಲ ಎಂದುಕೊಂಡನೋ ಏನೋ, ಠಸ್ಸೆ ಒತ್ತಿದ.

ಹೊರಗೆ ಸವಿತಾ ನಿಂತಿದ್ದಳು. ಎಷ್ಟೋ ವರ್ಷದ ಮೇಲೆ ನೋಡುತ್ತಿದ್ದೆವು. ಕಾಲಿಗೆ ಬೀಳುವ ಮೊದಲೇ ಕೇಳಿದಳು:

“ಯವ್ವಾ, ಊಟಾತೇನ್ಬೇ?”

“ಇಲ್ಲ. ವಿಮಾನದಾಗ ಕೊಟ್ಟದ್ದು ನಾಯಿಗೂ ಬ್ಯಾಡ.”

ಅವಳ ಮುಖ ಸಣ್ಣದಾಯಿತು. “ಅದು ನಾವು ಮಾಡಿದ್ದಲ್ಲ ಯವ್ವಾ. ಇತ್ಲಾಗ ಬರೂ ವಿಮಾನಕ್ಕ ಬೆಂಗಳೂರಾಗ ತುಂಬ್ತಾರ. ಇಲ್ಲಿಂದ ಹೋಗೂದಕ್ಕ ನಾವು ತುಂಬ್ತೀವಿ. ನೀ ಹೊಳ್ಳಿ ಹೋಗೂ ಮುಂದ ನೋಡು, ಎಷ್ಟ ಛಲೋ ಇರತೈತಿ.”

“ಇನ್ನೂ ಕಾಲಿಟ್ಟಿಲ್ಲ, ಆಗಲೇ ಹೊಳ್ಳಿ ಕಳಸಾಕತ್ತೀಯಲ್ಲ,” ಅಂದೆ.

ಕಾರು ನಿಲ್ಲಿಸಿದ ಕಡೆಯಲ್ಲೇ ಡಬ್ಬಿ ತೆಗೆದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ರೊಟ್ಟಿ ಅವಳೇ ಬಡಿದದ್ದು, ದಪ್ಪಗಿತ್ತು. ಹಿಂದೆ ಯಾರೋ ಕಾರಿನವನು ಜಾಗಕ್ಕೆ ಕಾಯುತ್ತಿದ್ದ. ನಾನು ತಿಂದು ಮುಗಿಸುವ ತನಕ ಅವಳು ಗಾಡಿ ತೆಗೆಯಲಿಲ್ಲ. ನಮ್ಮ ಕಡೆ ಹಾಗೇ ಅಲ್ಲವೇ? ಊಟಾತೇನು ಎಂದು ಕೇಳಿ, ಎದುರಿನವರು ಇಲ್ಲ ಎಂದರೆ, ಕೇಳಿದವರಿಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಉಣಿಸಲೇಬೇಕು.

ಫೆಲ್ಥಮ್

ಫೆಲ್ಥಮ್‌ನಲ್ಲಿ ವಿಮಾನ ಮನೆಯ ಮಾಡಿಗೆ ತಾಗುವ ಹಾಗೆ ಹೋಗುತ್ತದೆ. ಮೊದಲ ದಿನ ನಾನು ಪ್ರತಿ ಸಲವೂ ತಲೆ ಬಗ್ಗಿಸಿದೆ. ಮೊಮ್ಮಗಳು ಅನ್ವಿ ನಕ್ಕು ನಕ್ಕು ಸೋಫಾದಿಂದ ಜಾರಿದಳು. ಅಲ್ಲಿಯ ಮಂದಿ ಆ ಸದ್ದು ಬಂದಾಗ ಮಾತು ನಿಲ್ಲಿಸುತ್ತಾರೆ, ಹೋದ ಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಾರೆ. ನಮ್ಮಲ್ಲಿ ನೀರು ಬಂತೆಂದು ಎದ್ದುಹೋದವರು ತಿರುಗಿ ಬಂದು ಮಾತು ಶುರುಮಾಡುವ ಹಾಗೆ.

ಓಣಿಯಲ್ಲಿ ಅರ್ಧಕ್ಕರ್ಧ ಜನ ವಿಮಾನ ನಿಲ್ದಾಣದ ಕೆಲಸದವರು. ಯಾರು ಯಾವಾಗ ಮಲಗುತ್ತಾರೆ, ಯಾವಾಗ ಏಳುತ್ತಾರೆ, ಒಂದಕ್ಕೊಂದು ತಾಳವಿಲ್ಲ. ಹಗಲು ಹೊತ್ತು ಪರದೆ ಎಳೆದ ಮನೆ ಕಂಡರೆ ನಮ್ಮಲ್ಲಿ ಸಾವಾಯಿತೇನೋ ಎನ್ನುತ್ತೇವೆ. ಅಲ್ಲಿ ರಾತ್ರಿ ಪಾಳಿಯವರು ಮಲಗಿದ್ದಾರೆ ಎಂದು ಅರ್ಥ.

ಪಕ್ಕದ ಮನೆಯ ಮುದುಕಿ ಬಿಳಿಯಳು. ದಿನಾ ಬಾಗಿಲಲ್ಲಿ ಕಂಡಾಗ, “ಯು ಆಲ್‌ರೈಟ್?” ಎನ್ನುತ್ತಿದ್ದಳು. ಹಾಗೆಂದರೇನು ಎಂದು ಅನ್ವಿಗೆ ಕೇಳಿದೆ. ಆರಾಮಾಗಿದ್ದೀಯಾ ಎಂದು ಕೇಳುವುದಂತೆ. ಕೇಳಿದ್ದಾಳೆ ಪಾಪ, ಹೇಳಬೇಕಲ್ಲ? ಮರುದಿನ ನಾನು ಗೋಡೆ ಹಿಡಿದು ನಿಂತು ಮೊಣಕಾಲಿನ ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ, ಚಳಿಗೆ ಹೊಟ್ಟೆ ಹೇಗೆ ಕಟ್ಟಿದೆ, ಎಲ್ಲವನ್ನೂ ಕನ್ನಡದಲ್ಲೇ ಹೇಳಿದೆ. ಅವಳು ಕೀಲಿಯನ್ನು ಕೈಯಲ್ಲಿ ಹಿಡಿದು ತಲೆಯಾಡಿಸುತ್ತ ನಿಂತಳು. ಒಳಗೂ ಹೋಗಲಾರಳು, ಹೊರಗೂ ನಿಲ್ಲಲಾರಳು. ಅನ್ವಿ ಓಡಿಬಂದು ನನ್ನನ್ನು ಎಳೆದುಕೊಂಡು ಹೋದಳು.

“ಅಜ್ಜೀ! ಯು ಜಸ್ಟ್ ಸೇ ಆಲ್‌ರೈಟ್ ಬ್ಯಾಕ್. ದಟ್ಸ್ ಇಟ್!”

“ಹಂಗಾರ ಆಕಿ ಯಾಕ ಕೇಳ್ತಾಳ?”

“ಶೀ ಈಸಂಟ್ ಆಸ್ಕಿಂಗ್, ಅಜ್ಜಿ. ನೋಬಡೀಸ್ ಆಸ್ಕಿಂಗ್.”

ಯಾರೂ ಕೇಳುತ್ತಿಲ್ಲವಂತೆ. ಆ ದಿನ ನಗು ಬಂದಿತ್ತು.

ಟ್ರೇ ಕಾರ್ಖಾನೆ

ಕಾರ್ಖಾನೆಯಲ್ಲಿ ಮನೆಯವರನ್ನು ಕರೆತರುವ ದಿನವೊಂದು ಇತ್ತು. ಸವಿತಾ ನನ್ನನ್ನೂ ಕರೆದುಕೊಂಡು ಹೋದಳು. ಬಾಗಿಲಲ್ಲಿ ಕೂದಲಿಗೆ ನೀಲಿ ಟೊಪ್ಪಿಗೆ ಕೊಟ್ಟರು. ನಾನು ತಲೆ ಮೇಲಿನ ಸೆರಗು ತೆಗೆಯುವುದಿಲ್ಲ ಎಂದೆ. ಕೊನೆಗೆ ಸೆರಗಿನ ಮೇಲೆಯೇ ಟೊಪ್ಪಿಗೆ ಎಳೆದರು. ಕನ್ನಡಿಯಲ್ಲಿ ನೋಡಿಕೊಂಡರೆ ಬಟ್ಟೆ ಮುಚ್ಚಿದ ಉಪ್ಪಿನಕಾಯಿ ಭರಣಿ ಕಂಡಿತು.

ಒಳಗೆ ಉದ್ದನೆಯ ಪಟ್ಟಾ ತಾನೇ ಮುಂದಕ್ಕೆ ಹರಿಯುತ್ತದೆ. ಅದರ ಎರಡೂ ಬದಿಗೆ ಹೆಂಗಸರು. ಅದಕ್ಕೇ ಲೈನು ಎನ್ನುತ್ತಾರೆ. ಖಾಲಿ ಟ್ರೇ ಒಂದು ತುದಿಯಿಂದ ಬರುತ್ತದೆ. ಒಬ್ಬಳು ಬ್ರೆಡ್ಡು ಇಡುತ್ತಾಳೆ, ಒಬ್ಬಳು ಬೆಣ್ಣೆ, ಒಬ್ಬಳು ಸಿಹಿಯ ಬಟ್ಟಲು. ಬಿಸಿ ಅಡುಗೆಯ ಡಬ್ಬಿ ಬೇರೆ ಕಡೆಯಿಂದ ವಿಮಾನಕ್ಕೆ ಹೋಗುತ್ತದೆಯಂತೆ. ಮೇಲೆ ಒಂದು ಮಾದರಿ ಟ್ರೇ ಇಟ್ಟಿದ್ದರು. ಬೆಣ್ಣೆ ಬಲ ಮೂಲೆಗೆ, ನೀರಿನ ಬಟ್ಟಲು ಅದರ ಹಿಂದೆ, ಚಮಚದ ಪೊಟ್ಟಣ ಎಡಕ್ಕೆ ನೆಟ್ಟಗೆ. ಎಲ್ಲ ಟ್ರೇಯೂ ಹಾಗೇ ಇರಬೇಕು. ನಾನು ಅದನ್ನು ಬಹಳ ಹೊತ್ತು ನೋಡಿದೆ. ಖಾನಾವಳಿಯಲ್ಲಿ ಎಲೆ ಹಾಕಿ ಬಡಿಸುವಾಗಲೂ ಪಲ್ಯ ಎಲ್ಲಿ, ಚಟ್ನಿ ಎಲ್ಲಿ ಎಂದು ಇರುತ್ತದೆ. ತಪ್ಪಿದರೆ ಉಣ್ಣುವವನೇ ಬೈಯುತ್ತಾನೆ. ಇಲ್ಲಿ ಉಣ್ಣುವವನು ಮೋಡದ ಮೇಲೆ ಇರುತ್ತಾನೆ.

ಪಾಳಿ ಶುರುವಾಗುವ ಮುಂಚೆ ಸವಿತಾ ಲೈನಿನ ಬಾಗಿಲಲ್ಲಿ ನಿಂತಳು. ಬಂದ ಒಬ್ಬೊಬ್ಬಳಿಗೂ ಕೇಳಿದಳು, “ಊಟಾತ?” ಪಂಜಾಬಿನ ಪರಮ್‌ಜೀತ್ ಎಂಬ ದಪ್ಪ ಹೆಂಗಸು, “ಆತು ಆತು, ಬಾಸ್,” ಎಂದಳು, ಕನ್ನಡದಲ್ಲೇ! ಪೋಲೆಂಡಿನ ಹುಡುಗಿ ಒಬ್ಬಳು ‘ಇಲ್ಲ’ ಎಂದು ತಲೆಯಾಡಿಸಿದಳು. ಸವಿತಾ ಮೂಲೆಯ ಮೇಜಿನ ಮೇಲಿದ್ದ ಡಬ್ಬಿ ತೋರಿಸಿದಳು. ಅದರಲ್ಲಿ ರೊಟ್ಟಿ, ಚಟ್ನಿ. ಹುಡುಗಿ ತಿಂದು, ಕೈ ತೊಳೆದು, ತನ್ನ ಜಾಗಕ್ಕೆ ಬಂದಳು. ಆಮೇಲೆ ಪಟ್ಟಾ ಶುರು.

“ಹಿಂಗ ಮುದ್ದು ಮಾಡಿದ್ರ ಕೆಲಸ ಯಾರ್ ಮಾಡ್ತಾರ?” ಎಂದು ನಾನು ಅಲ್ಲೇ ಕೇಳಿದೆ. ನಮ್ಮ ಖಾನಾವಳಿಯ ಸಾವಕಾರ ಒಲೆಯ ಮುಂದೆ ನಿಂತು ನಮ್ಮ ಅಪ್ಪ ಅವ್ವನನ್ನೆಲ್ಲ ಎಳೆದು ಬೈಯುತ್ತಿದ್ದ. ರೊಟ್ಟಿಯೇನೂ ಸೊಟ್ಟಗೆ ಬರುತ್ತಿರಲಿಲ್ಲ.

“ಯವ್ವಾ, ಎಲ್ಲಾ ಲೈನಿಗಿಂತ ನಮ್ದ ಮುಂದೈತಿ. ಹಸಗೊಂಡ ನಿಂತಾಕಿ ಚಮಚ ಇಡೂದ ಮರೀತಾಳ. ಮನ್ಯಾಗ ಏನರ ಆಗಿದ್ದಾಕಿ ನಾಳಿಂದ ಬರೂದ ಇಲ್ಲ. ಕೇಳಿದ್ರ ಹೇಳ್ತಾರ. ಹೇಳಿದ್ರ ಏನರ ಮಾಡಬಹುದು. ನಮ್ಮ ಲೈನ್ಯಾಗ ಯಾರೂ ರಜಾನ ಹಾಕೂದಿಲ್ಲ ಗೊತ್ತೇನ?”

ಇದಕ್ಕೆ ಅಲ್ಲಿ ಪಾಸಿಟಿವ್ ಲೀಡರ್‌ಶಿಪ್ ಎಂದು ಹೆಸರಿದೆ. ಸವಿತಾಳಿಗೆ ಅದರ ಪಾಠವನ್ನೂ ಕಂಪನಿಯೇ ಹೇಳಿಸಿತ್ತು. ಆದರೆ ಊಟದ ಪ್ರಶ್ನೆ ಪಾಠದಲ್ಲಿ ಬಂದದ್ದಲ್ಲ, ಬಾಯಿಗೆ ಬಂದದ್ದು. ಅಲ್ಲಿಯ ದೊಡ್ಡ ಮ್ಯಾನೇಜರ್ ಮಾರ್ಟಿನ್. ತೆಳ್ಳಗೆ, ಎತ್ತರಕ್ಕೆ, ಯಾವಾಗಲೂ ನಗುಮುಖ. ಆ ದಿನ ನನ್ನ ಮುಂದೆ ಬಗ್ಗಿ ನಿಂತು, “ಊಠಾಠಾ?” ಎಂದ. ನಾನು ಇಲ್ಲ ಎಂದೆ. ಅವನು ನಕ್ಕು, ಕೈ ಕುಲುಕಿ, ಮುಂದೆ ಹೋದ. ನನಗೆ ಆಗಲೇ ತಿಳಿಯಬೇಕಿತ್ತು.

ಊಟದ ಕೋಣೆಯಲ್ಲಿ ಫಿಲೋಮಿನಾ ಸಿಕ್ಕಳು. ಗೋವಾದ ಹೆಣ್ಣು, ತಾಯಿಯ ಊರು ಕಾರವಾರ, ಅದಕ್ಕೇ ಕನ್ನಡ ಬರುತ್ತಿತ್ತು. ನನಗಿಂತ ಸ್ವಲ್ಪ ಸಣ್ಣವಳು. ಚಮಚ, ಮುಳ್ಳು ಚಮಚ, ಕಾಗದದ ವಸ್ತ್ರ, ಉಪ್ಪು, ಇವನ್ನೆಲ್ಲ ಸೇರಿಸಿ ಪೊಟ್ಟಣ ಮಾಡಿ ಟ್ರೇಯ ಎಡಕ್ಕೆ ಇಡುವವಳು ಅವಳೇ.

“ನಿಮ್ಮ ಮಗಳು ಬಾಯಿಮಾತಿಗೆ ಕೇಳೂದಲ್ಲ ಅಕ್ಕಾ,” ಎಂದಳು. “ನಮ್ಮ ಯಜಮಾನರಿಗೆ ಲಕ್ವ ಹೊಡ್ದು ಒಂದು ಬದಿ ಹೋಗಿದೆ. ಬೆಳಿಗ್ಗೆ ಅವ್ರಿಗೆ ತಿನ್ನಿಸಿ ಮುಗಿಸೂದ್ರೊಳಗೆ ಬಸ್ಸಿನ ಹೊತ್ತಾಗ್ತದೆ. ನಾನು ತಿನ್ನೂದೇ ಇಲ್ಲ. ಎಲ್ಲಾರಿಗೂ ಆಯ್ತು ಆಯ್ತು ಹೇಳ್ತಿದ್ದೆ. ಒಂದಿನ ಇವಳು ಕೇಳ್ದಾಗ ಆಗ್ಲಿಲ್ಲ ಅಂದ್ಬಿಟ್ಟೆ. ಅಂದದ್ದೇ ಅಳು ಬಂತು. ಚಮಚದ ಡಬ್ಬಿ ಮೇಲೇ ಅತ್ತುಬಿಟ್ಟೆ, ಅಷ್ಟೂ ಚಮಚ ಬಿಸಾಡ್ಬೇಕಾಯ್ತು!”

“ಆಮ್ಯಾಲೆ?”

“ಮಧ್ಯಾಹ್ನ ಮನಿಗೆ ಹೋಗಿ ಅವ್ರಿಗೆ ಉಣಿಸಿ ಬರೂ ಹಾಂಗೆ ನನ್ನ ಬ್ರೇಕು ಬದಲಾಯಿಸಿದ್ಲು. ಅಷ್ಟು ಹೊತ್ತು ಪರಮ್‌ಜೀತ್ ತನ್ನ ಕೆಲಸನೂ ನಂದೂ ಎರಡೂ ಮಾಡ್ತಾಳೆ. ಲೈನು ನಿಲ್ಲೂದೇ ಇಲ್ಲ ನೋಡಿ.”

ಪಕ್ಕದಲ್ಲೇ ಕುಳಿತಿದ್ದ ಪರಮ್‌ಜೀತ್ ತನ್ನ ಹೆಸರು ಕೇಳಿ ತೋಳು ಮಡಚಿ ಪೈಲ್ವಾನರ ಹಾಗೆ ಮಾಡಿ ತೋರಿಸಿದಳು. ಎಲ್ಲರೂ ನಕ್ಕರು. ಅದೇನೂ ಸುಳ್ಳು ನಗುವಾಗಿರಲಿಲ್ಲ, ಅದನ್ನು ಹೇಳಲೇಬೇಕು.

ಮರುದಿನದಿಂದ ಆ ಡಬ್ಬಿಯ ರೊಟ್ಟಿ ನಾನೇ ಬಡಿಯತೊಡಗಿದೆ. ಅವಳು ಬಡಿದದ್ದನ್ನು ಆ ಹೆಂಗಸರು ಹೇಗೆ ನುಂಗುತ್ತಿದ್ದರೋ. ಸಂಜೆ ಡಬ್ಬಿ ತೊಳೆದಂತೆ ಖಾಲಿ ಬರುತ್ತಿತ್ತು.

ಅಕ್ಸ್‌ಬ್ರಿಡ್ಜ್

ಕಂಪನಿಯ ಎಲ್ಲ ಕಾರ್ಖಾನೆಯ ಲೀಡರುಗಳನ್ನೂ ಅಕ್ಸ್‌ಬ್ರಿಡ್ಜ್‌ನ ಒಂದು ಸಭಾಗೃಹಕ್ಕೆ ಕರೆದಿದ್ದರು. ಸವಿತಾಳಿಗೆ ಬಹುಮಾನ. ನಾನೂ ಅನ್ವಿಯೂ ಹೋದೆವು. ಬಸ್ಸಿನಲ್ಲಿ ಒಬ್ಬ ಹುಡುಗ ಜಾಗ ಬಿಟ್ಟುಕೊಟ್ಟ. ನಾನು ಕೂರುವಷ್ಟರಲ್ಲಿ ಡ್ರೈವರ್ ಗಾಡಿ ಎಳೆದ. ನೇರ ಹೋಗಿ ಆ ಹುಡುಗನ ಮೇಲೆಯೇ ಬಿದ್ದೆ. ಬಿದ್ದವಳು ನಾನು, ಸಾರಿ ಎಂದವನು ಅವನು. ಅಲ್ಲಿ ಹಾಗೆಯೇ. ಯಾರು ಯಾರ ಕಾಲು ತುಳಿದರೂ ಇಬ್ಬರೂ ಸಾರಿ ಎನ್ನುತ್ತಾರೆ.

ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ‘ಊಟ ಆಯ್ತಾ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು. ಅನ್ವಿ ಓದಿ ಹೇಳಿದಳು. ಮಾರ್ಟಿನ್ ಮಾತಾಡಿದ, ಅನ್ವಿ ನನ್ನ ಕಿವಿಯಲ್ಲಿ ತಿಳಿಸಿ ಹೇಳಿದಳು. ಸವಿತಾ ಬಂದ ಮೇಲೆ ಲೈನು ಎಷ್ಟು ವೇಗವಾಯಿತು, ತಪ್ಪು ಎಷ್ಟು ಕಡಿಮೆಯಾಯಿತು, ಗೆರೆ ಮೇಲೇರುವ ಚಿತ್ರ ತೋರಿಸಿದ. ಇನ್ನು ಮೇಲೆ ಎಲ್ಲ ಕಾರ್ಖಾನೆಯಲ್ಲೂ ಎಲ್ಲ ಲೀಡರುಗಳೂ ಪಾಳಿ ಶುರುವಾಗುವಾಗ ಈ ಪ್ರಶ್ನೆ ಕೇಳಬೇಕು ಎಂದ. ಚಪ್ಪಾಳೆ ಬಿತ್ತು. ರೊಟ್ಟಿ ಡಬ್ಬಿಯ ಮಾತು ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

ಆಮೇಲೆ ಫಿಲೋಮಿನಾಳನ್ನು ವೇದಿಕೆಗೆ ಕರೆದರು. ಅವಳು ಬಂದು ಮಾತಾಡಿದರೆ ಚೆನ್ನಾಗಿರುತ್ತದೆ ಎಂದು ಮಾರ್ಟಿನ್ ಸವಿತಾಳಿಗೆ ಹೇಳಿದ್ದ. ಸವಿತಾ ಫಿಲೋಮಿನಾಳನ್ನು ಒಪ್ಪಿಸಿದ್ದಳು. ಅವಳು ಹೂವಿನ ಫ್ರಾಕು ಹಾಕಿ, ತುಟಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದಳು. ನನಗೆ ಹೇಳಿದ್ದನ್ನೇ ಅಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು. ಗಂಡನ ಲಕ್ವ, ಹಸಿವು, ಚಮಚದ ಡಬ್ಬಿಯ ಮೇಲೆ ಅತ್ತದ್ದು, ಬ್ರೇಕು ಬದಲಿಸಿದ್ದು, ಪರಮ್‌ಜೀತ್ ಎರಡು ಕೆಲಸ ಮಾಡುವುದು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಮಾರ್ಟಿನ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಸವಿತಾಳಿಗೆ ಗಾಜಿನ ಫಲಕ ಕೊಟ್ಟರು, ಫಿಲೋಮಿನಾಳಿಗೆ ಹೂಗುಚ್ಛ.

ಇಬ್ಬರೂ ಇಳಿದು ಬಂದು ನನ್ನ ಎಡಕ್ಕೊಬ್ಬಳು ಬಲಕ್ಕೊಬ್ಬಳು ಕುಳಿತರು. ಆಮೇಲೆ ತಣ್ಣನೆಯ ಸ್ಯಾಂಡ್‌ವಿಚ್ ಕೊಟ್ಟರು. ಅನ್ನವಿಲ್ಲ. ಊಟದ ಹೆಸರಲ್ಲಿ ಅಷ್ಟು ದೊಡ್ಡ ಸಭೆ!

ಫೆಲ್ಥಮ್, ಮನೆಯ ಮುಂದೆ

ಸ್ವಲ್ಪ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಸವಿತಾಳ ಕಾರು ಮನೆಯ ಮುಂದೆ ಬಂದು ನಿಂತಿತು. ಅವಳು ಇಳಿಯಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಚಹಾ ಕುದಿದು ಅರ್ಧವಾಯಿತು. ಆಮೇಲೆ ನಾನೇ ಹೋಗಿ ಕಾರಿನ ಬಾಗಿಲು ತೆಗೆದು ಪಕ್ಕದಲ್ಲಿ ಕುಳಿತೆ.

“ಏನಾತು?”

“ಮಾರ್ಟಿನ್ ಕರದಿದ್ದ.” ಅವಳು ಸ್ಟೇರಿಂಗ್ ನೋಡುತ್ತಲೇ ಹೇಳಿದಳು. “ನಮ್ಮ ಲೈನು ಇಷ್ಟ ಛಲೋ ನಡದೈತಿ ಅಂದ್ರ ಅಷ್ಟು ಮಂದಿ ಬೇಕಾಗಿಲ್ಲಂತ. ಮೂರು ಮಂದೀನ ತಗೀಬೇಕಂತ. ಫಿಲೋಮಿನಾ ಮನಿಗೆ ಹೋದಾಗೂ ಲೈನು ನಿಲ್ಲೂದಿಲ್ಲ ಅಂತ ಆಕೀನ ಹೇಳ್ಯಾಳಲ್ಲ, ಅಂದ.”

ನಾನು ಕಾರಿನ ಬಾಗಿಲು ಎಳೆದು ಮುಚ್ಚಿದೆ.

“ಹೆಸರು ನಾನ ಕೊಡಬೇಕಂತ ಯವ್ವಾ. ಸವಿತಾ, ನಿನ್ನಷ್ಟು ಅವರ ಬಗ್ಗೆ ಯಾರಿಗೂ ಗೊತ್ತಿಲ್ಲ, ಯಾರ ಮನ್ಯಾಗ ತ್ರಾಸೈತಿ, ಯಾರು ಮುಂದ ರಜಾ ಹಾಕಬಹುದು, ನಿಂಗ ಗೊತ್ತೈತಿ. ಅದ್ರ ಮ್ಯಾಲ ನೀ ಹೇಳಿದ್ರ ಅವ್ರಿಗೂ ನೋವಾಗೂದಿಲ್ಲ ಅಂದ. ನಗಕೋಂತ ಅಂದ.”

“ಕೊಡೂದಿಲ್ಲ ಅನ್ನು.”

“ಕೊಡದಿದ್ರ ಆತನ ಕೊಡ್ತಾನ.”

“ಕೊಡಲಿ. ಆತನ ಕೈ ಹೊಲಸಾಗಲಿ.”

“ಆಮ್ಯಾಲ ನಾ ಒಬ್ಬಾಕಿ ಉಳೀತೀನೇನು? ಮಹೇಶಗ ಈ ತಿಂಗಳ ಕೆಲಸನ ಇಲ್ಲ. ಮನಿ ಬಾಡಿಗಿ ನೀ ಕೊಡ್ತೀ?”

ಹೀಗೆಂದರೆ ಹೀಗೆ ಎಂದು ದೊಡ್ಡ ಮಾತಾಡುವವಳು ನಾನಲ್ಲ. ಸಾವಕಾರ ಒಂದು ಸಲ ನನ್ನ ಪಕ್ಕದ ಒಲೆಯವಳನ್ನು ಓಡಿಸಿದಾಗ ನಾನೂ ತಲೆ ತಗ್ಗಿಸಿ ರೊಟ್ಟಿ ಬಡಿದಿದ್ದೆ. ಆದರೆ ಅವಳ ಹೆಸರು ಕೊಡು ಎಂದು ಸಾವಕಾರ ನನ್ನನ್ನು ಕೇಳಿರಲಿಲ್ಲ. ಅವನು ಬಾಯಿ ಹೊಲಸಿನವನು. ಓಡಿಸುವುದನ್ನಾದರೂ ತಾನೇ ಓಡಿಸಿದ.

ಅನ್ವಿ ಸಾಲೆಯಿಂದ ಬಂದು ಹಿಂದಿನ ಸೀಟಿಗೆ ಹತ್ತಿದಳು. “ವೈ ಆರ್ ವೀ ಸಿಟ್ಟಿಂಗ್ ಇನ್ ದ ಕಾರ್?” ಎಂದಳು. ಸವಿತಾ ಮುಚ್ಚಿಡಲಿಲ್ಲ, ಹೇಳಿದಳು.

“ಜಸ್ಟ್ ಸೇ ನೋ, ಮಮ್.”

“ಹೂಂ. ನಿನ್ನ ಫೋನ್ ಬಿಲ್ಲಿಗೂ ಜಸ್ಟ್ ನೋ ಅಂತೀನಿ.”

ಹುಡುಗಿ ಫೋನನ್ನು ಚೀಲದೊಳಗೆ ತುರುಕಿದಳು.

“ಫಿಲೋಮಿನಾನ್ನ ಒಬ್ಬಾಕೀನ ಬಿಡು,” ಎಂದೆ ನಾನು. “ಬ್ಯಾರೇದವ್ರನ್ನ ನೋಡು.”

ಆಗ ಸವಿತಾ ನನ್ನ ಕಡೆ ತಿರುಗಿದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

“ಯಾರನ್ನ? ಪರಮ್‌ಜೀತಳನ್ನ ಸೊಸಿ ಹೊರಗ ಹಾಕ್ಯಾಳ, ಯಾರದೋ ಮನ್ಯಾಗ ಒಂದು ಕೋಣಿ ಹಿಡದು ಅದಾಳ. ಪೋಲೆಂಡಿನ ಹುಡುಗಿ ಬಸುರಿ, ಇನ್ನೂ ಯಾರಿಗೂ ಹೇಳಿಲ್ಲ, ನನ್ನ ಮುಂದಷ್ಟ ಹೇಳ್ಯಾಳ. ಎಲ್ಲಾರದೂ ಗೊತ್ತೈತಿ ಯವ್ವಾ. ದಿನಾ ನಿಂತು ಕೇಳೇನಲ್ಲ. ಕೇಳಬಾರದಿತ್ತು.”

ತಲೆಯ ಮೇಲೆ ವಿಮಾನ ಹೋಯಿತು. ಅದು ದಾಟಿದ ಮೇಲೂ ನಾವ್ಯಾರೂ ಮಾತು ಮುಂದುವರಿಸಲಿಲ್ಲ.

ಅವಳು ಹೆಸರು ಕೊಟ್ಟಳು. ಮೂರರಲ್ಲಿ ಒಂದು ಫಿಲೋಮಿನಾಳದು.

ಬಸ್ ನಿಲ್ದಾಣ

ಫೆಲ್ಥಮ್‌ನ ಬಸ್ ನಿಲ್ದಾಣದಲ್ಲಿ ಮಂದಿ ಒಬ್ಬರನ್ನೊಬ್ಬರು ನೋಡುವುದಿಲ್ಲ, ಬಸ್ಸು ಬರುವ ದಿಕ್ಕನ್ನೇ ನೋಡುತ್ತಾರೆ. ನಾನು ಮಂದಿಯನ್ನೇ ನೋಡುವವಳು. ಹಾಗಾಗಿ ಫಿಲೋಮಿನಾ ನನ್ನನ್ನು ಕಾಣುವ ಮೊದಲೇ ನಾನು ಅವಳನ್ನು ಕಂಡೆ. ಚೀಲದಲ್ಲಿ ಬ್ರೆಡ್ಡು, ಗಂಡನಿಗೆ ಕಟ್ಟುವ ದೊಡ್ಡ ಡಯಾಪರಿನ ಕಟ್ಟು. ತಿರುಗಿ ನಡೆದುಬಿಡೋಣ ಎನಿಸಿತು. ಮೊಣಕಾಲು ಅಷ್ಟು ಬೇಗ ತಿರುಗುವುದಿಲ್ಲ.

“ಅಕ್ಕಾ!” ಎಂದು ಅವಳೇ ಕರೆದಳು. ಬೆಂಚಿನ ಮೇಲೆ ಜಾಗ ಮಾಡಿಕೊಟ್ಟಳು. ಅಲ್ಲಿಯ ಬೆಂಚು ಇಳಿಜಾರು, ಕುಳಿತವರು ಜಾರುತ್ತಲೇ ಇರಬೇಕು. ಇಬ್ಬರೂ ಕಾಲು ಊರಿ ಕುಳಿತೆವು.

“ನನ್ನ ಮಗಳು ನಿಂಗ ಅನ್ಯಾಯ ಮಾಡಿದ್ಲು,” ಎಂದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

“ಎಂತ ಅನ್ಯಾಯ? ಅವಳಿಗೂ ಮೇಲಿಂದ ಬಂದದ್ದಲ್ವಾ?” ಅವಳು ಬ್ರೆಡ್ಡನ್ನು ಚೀಲದಲ್ಲಿ ಮೇಲಕ್ಕೆ ಇಟ್ಟಳು. “ಎಷ್ಟು ಚಂದ ಮಾಡಿ ಹೇಳಿದ್ಲು ಗೊತ್ತುಂಟಾ? ಕೋಣೆಗೆ ಕರ್ದು, ಕೈ ಹಿಡ್ದು, ನೀರು ಕೊಟ್ಟು. ಅವಳೇ ಅತ್ತಳು. ನಾನೇ ಅವಳನ್ನು ಸಮಾಧಾನ ಮಾಡಿ ಬಂದೆ ಅಕ್ಕಾ! ಬಸ್ಸು ಹತ್ತಿದ ಮೇಲೆ ನೆನಪಾಯ್ತು, ಕೆಲಸ ಹೋದದ್ದು ನಂದಲ್ಲವಾ ಅಂತ.” ನಕ್ಕಳು. ನಗು ನಿಂತ ಮೇಲೆ ಹೇಳಿದಳು, “ಬೈದು ಕಳಿಸಿದ್ರೆ ನಾನೂ ಎರಡು ಬೈಬಹುದಿತ್ತು. ಎಂತ ಮಾಡೂದು, ಬೈಲಿಕ್ಕೂ ಬಿಡ್ಲಿಲ್ಲ.”

“ಬ್ಯಾರೆ ಕಡೆ ನೋಡೀಯೇನು?”

“ನೋಡ್ದೆ. ಮನೆಯಲ್ಲಿ ಕಷ್ಟ ಏನಾದ್ರೂ ಉಂಟಾ ಅಂತ ಕೇಳ್ತಾರೆ. ಏನೂ ಇಲ್ಲ ಅಂತ ಹೇಳ್ದೆ. ಗಂಡನೇ ಇಲ್ಲ ಅಂತ ಹೇಳ್ಬಿಟ್ಟೆ.” ಬೆರಳಿನಿಂದ ಶಿಲುಬೆಯ ಗುರುತು ಮಾಡಿಕೊಂಡಳು. “ಬದುಕಿದ್ದವರನ್ನ ಸಾಯಿಸ್ದೆ ನೋಡಿ.”

ಬಸ್ಸು ಕಂಡಿತು. ಎದ್ದಳು. ನನ್ನ ಬಾಯಿಗೆ ಯಾವಾಗಲೂ ಬರುವುದೇ ಬಂತು:

“ಊಟಾತೇನವಾ?”

ಅವಳು ಒಂದು ಕಾಲನ್ನು ಬಸ್ಸಿನೊಳಗೆ ಇಟ್ಟು ನನ್ನನ್ನು ನೋಡಿದಳು.

“ಆಯ್ತು ಅಕ್ಕಾ,” ಎಂದಳು. “ಎಲ್ಲಾ ಆಯ್ತು.”

ಬಾಗಿಲು ಮುಚ್ಚಿತು.

ಆ ಮೂವರು ಹೋದಂದಿನಿಂದ ರೊಟ್ಟಿ ಡಬ್ಬಿ ತುಂಬಿಯೇ ಬರುತ್ತಿತ್ತು, ಆ ಸಂಜೆಯೂ ಬಂತು. ಮರುದಿನವೂ ಬಂತು. ಸವಿತಾ ಬಾಗಿಲಲ್ಲಿ ನಿಂತು ಕೇಳುತ್ತಲೇ ಇದ್ದಳು. ಈಗ ಎಲ್ಲ ಲೈನಿನಲ್ಲೂ ಕೇಳಲೇಬೇಕಲ್ಲ, ಬಿಡುವಂತಿಲ್ಲ. ಎಲ್ಲರೂ “ಆತು” ಎನ್ನುತ್ತಾರಂತೆ. ಪೋಲೆಂಡಿನ ಹುಡುಗಿಯೂ “ಆತು” ಎಂದು ಬೇಗ ಬೇಗ ಒಳಗೆ ಹೋಗುತ್ತಾಳಂತೆ. ಪರಮ್‌ಜೀತ್ ಬಾಸ್ ಎನ್ನುವುದನ್ನು ಬಿಟ್ಟಿದ್ದಾಳೆ, ಮ್ಯಾಡಮ್ ಎನ್ನುತ್ತಾಳೆ.

“ಹಂಗಾರ ಕೆಲಸ ಕೆಡ್ತಿರಬೇಕು?” ಎಂದು ಕೇಳಿದೆ. ನಿಜ ಹೇಳುತ್ತೇನೆ, ಕೆಡಲಿ ಎಂದೇ ನನಗಿತ್ತು. ಲೈನು ನಿಲ್ಲಲಿ, ಚಮಚ ತಪ್ಪಲಿ, ಮಾರ್ಟಿನ್ ಬಂದು, ಸವಿತಾ, ಅವರನ್ನೆಲ್ಲ ಮತ್ತೆ ಕರೆ ಎನ್ನಲಿ.

“ಇಲ್ಲ,” ಎಂದಳು ಸವಿತಾ. “ಮೊದಲಿನಕಿಂತ ಜೋರೈತಿ. ಅಂಜಿ ಮಾಡಾಕತ್ತಾರ. ಮಾರ್ಟಿನ್ ಮತ್ತೂ ಖುಷಿ ಅದಾನ.”

ಗಾಜಿನ ಫಲಕವನ್ನು ಅವಳು ಟಿ.ವಿ. ಪಕ್ಕದಿಂದ ತೆಗೆದು ಎಲ್ಲೋ ಇಟ್ಟಿದ್ದಳು. ಎಲ್ಲಿ ಎಂದು ನಾನು ಕೇಳಲಿಲ್ಲ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ಯಾಕೆ ಎಂದು ಅವಳೂ ಕೇಳಲಿಲ್ಲ.

ಮತ್ತೆ ಹೀಥ್ರೋ

ಹೊರಡುವ ದಿನ ಮಹೇಶನೂ ಅನ್ವಿಯೂ ಬಂದಿದ್ದರು. ಅನ್ವಿ ನನ್ನನ್ನು ಬಿಗಿಯಾಗಿ ಅಪ್ಪಿ, “ಯು ಆಲ್‌ರೈಟ್, ಅಜ್ಜಿ?” ಎಂದಳು. “ಆಲ್‌ರೈಟ್,” ಎಂದೆ. ಅಷ್ಟು ಕಲಿತಿದ್ದೆ. ಸವಿತಾ ಗಾಲಿ ಕುರ್ಚಿಯವನಿಗೆ ನನ್ನನ್ನು ಒಪ್ಪಿಸಿ, ಔಷಧಿ ಯಾವ ಚೀಲದಲ್ಲಿದೆ, ಬೆಂಗಳೂರಿನಲ್ಲಿ ಯಾರು ಬರುತ್ತಾರೆ, ಎಲ್ಲ ಹೇಳಿದಳು. ಊಟದ ಮಾತು ಎತ್ತಲಿಲ್ಲ. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಕೇಳಿದರೆ ಹೇಳೋಣ ಎಂದು ಕಾದೆ. ಅವಳು ಕೈ ಬೀಸುತ್ತ ಸಣ್ಣದಾಗುತ್ತ ಹೋದಳು.

ವಿಮಾನ ಮೇಲೇರಿ ನೆಟ್ಟಗಾದ ಮೇಲೆ ಊಟ ಬಂತು. ಬೆಂಗಳೂರಿನ ಕಡೆಯ ಹುಡುಗಿ, ಕನ್ನಡದಲ್ಲೇ, “ತಗೊಳ್ಳಿ ಅಜ್ಜಿ, ವೆಜ್,” ಎಂದು ಇಟ್ಟಳು.

ಇದು ನಮ್ಮವರ ಟ್ರೇ. ಕನ್ನಡಕ ಹಾಕಿಕೊಂಡೆ. ಬೆಣ್ಣೆ ಬಲ ಮೂಲೆಗೆ ಇತ್ತು. ನೀರಿನ ಬಟ್ಟಲು ಅದರ ಹಿಂದೆ. ಬ್ರೆಡ್ಡು, ಸಿಹಿ. ಎಡಕ್ಕೆ ಚಮಚದ ಪೊಟ್ಟಣ. ಸೊಟ್ಟಗಿರಬಹುದು ಎಂದು ನೋಡಿದೆ, ನೆಟ್ಟಗಿತ್ತು. ಒಳಗೆ ಏನಾದರೂ ಬಿಟ್ಟಿರಬಹುದು ಎಂದು ಹರಿದೆ. ಚಮಚ ಇತ್ತು, ಮುಳ್ಳು ಚಮಚ ಇತ್ತು, ಕಾಗದದ ವಸ್ತ್ರ ಇತ್ತು, ಉಪ್ಪು ಇತ್ತು. ಪಕ್ಕದವನ ಟ್ರೇ ನೋಡಿದೆ. ಅದೂ ಹಾಗೇ. ನಡುದಾರಿಯ ಆಚೆ ಕಡೆಯವಳದನ್ನೂ ಕತ್ತು ಉದ್ದ ಮಾಡಿ ನೋಡಿದೆ. ಅವಳು ತನ್ನ ಸಿಹಿಯನ್ನು ನನ್ನಿಂದ ದೂರ ಸರಿಸಿಕೊಂಡಳು. ಒಬ್ಬರದರಲ್ಲೂ ಒಂದೂ ಕಡಿಮೆಯಿರಲಿಲ್ಲ. ಕಾರ್ಖಾನೆಯಲ್ಲಿ ಕಂಡ ಮಾದರಿ ಟ್ರೇಯನ್ನೇ ಅಷ್ಟೂ ಮಂದಿಯ ಮುಂದೆ ಇಟ್ಟ ಹಾಗಿತ್ತು.

ಡಬ್ಬಿ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟೆ. ಅನ್ನ ಮೆತ್ತಗಿತ್ತು, ಬೇಳೆ ಹದವಾಗಿತ್ತು. ಸವಿತಾ ಹೇಳಿದ್ದು ಸುಳ್ಳಲ್ಲ, ಛಲೋನೇ ಇತ್ತು. ಎರಡನೇ ತುತ್ತು ಎತ್ತಲಿಲ್ಲ. ಮುಚ್ಚಿಟ್ಟೆ.

ಆ ಹುಡುಗಿ ಟ್ರೇಗಳನ್ನು ಎತ್ತುತ್ತ ಬಂದಳು. ನನ್ನ ಟ್ರೇಗೆ ಕೈ ಹಾಕಿ, ಹಿಂದಿನ ಸೀಟಿನ ಕಡೆ ನೋಡುತ್ತ ಕೇಳಿದಳು:

“ಊಟ ಆಯ್ತಾ ಅಜ್ಜಿ?”

“ಆತವಾ,” ಎಂದೆ.

ತೆಗೆದುಕೊಂಡು ಹೋದಳು.